ಔಷಧ ಪರಿವೀಕ್ಷಕರ ಅಧಿಕಾರ ಎಲ್ಲಿಯವರೆಗೆ: ಮೆಡಿಕಲ್ ಅಂಗಡಿಯವರಿಗೆ ಒಂದು ಕೈಪಿಡಿ

ತೀರ್ಥಹಳ್ಳಿ, ಹೊಸನಗರ, ಸೊರಬದಂಥ ಊರುಗಳಲ್ಲಿ ಮೆಡಿಕಲ್ ಅಂಗಡಿ ಇಟ್ಟಿರುವ ಅನೇಕರು, ಡ್ರಗ್ ಇನ್ಸ್‌ಪೆಕ್ಟರ್ ಕೇಳಿದ್ದನ್ನೆಲ್ಲ ಮರುಮಾತಿಲ್ಲದೆ ಒಪ್ಪಿಸುವುದೇ ಕಾನೂನು ಎಂದು ನಂಬಿದ್ದಾರೆ. 1940ರ ಔಷಧ ಮತ್ತು ಕಾಂತಿವರ್ಧಕ ಕಾಯ್ದೆ ಹಾಗೆ ಹೇಳುವುದಿಲ್ಲ. ಅದರ 22ನೇ ಸೆಕ್ಷನ್ ಪರಿವೀಕ್ಷಕರಿಗೆ ಅಧಿಕಾರ ಕೊಡುತ್ತದೆ. ಆ ಅಧಿಕಾರವನ್ನು ಯಾವ ಕ್ರಮದಲ್ಲಿ ಚಲಾಯಿಸಬೇಕೆಂಬುದನ್ನು 23ನೇ ಸೆಕ್ಷನ್ ವಿಧಿಸುತ್ತದೆ.

ಮೊದಲಿಗೆ, ತಪಾಸಣೆಗೆ ಎಂದೂ ಅಡ್ಡಿಪಡಿಸಬೇಡಿ. ಅದಕ್ಕೆ ಮೂರು ವರ್ಷದವರೆಗೆ ಸೆರೆವಾಸವಿದೆ. ಆದರೆ ಗುರುತಿನ ಚೀಟಿ ತೋರಿಸಿರೆಂದು ವಿನಯದಿಂದ ಕೇಳುವುದು ಅಡ್ಡಿಯಲ್ಲ. ಪರಿವೀಕ್ಷಕರ ಅಧಿಕಾರ ಅವರನ್ನು ನೇಮಿಸಿದ ಪ್ರದೇಶಕ್ಕೆ ಸೀಮಿತ. ಕಂಡ ಲೋಪಗಳನ್ನು ನಮೂನೆ 35ರ ತಪಾಸಣಾ ಪುಸ್ತಕದಲ್ಲಿಯೇ ಬರೆಯುವಂತೆ ಕೋರಿಕೊಳ್ಳಿ.

ಮಾದರಿ ಸಂಗ್ರಹಿಸುವ ಹೊತ್ತಿನಲ್ಲಿ ಅತ್ಯಂತ ಎಚ್ಚರವಿರಬೇಕು, ಏಕೆಂದರೆ ಮುಂದೆ ಮೊಕದ್ದಮೆ ನಿಲ್ಲುವುದೂ ಬೀಳುವುದೂ ಬಹುಮಟ್ಟಿಗೆ ಇಲ್ಲಿಯೇ. ಪರಿವೀಕ್ಷಕರು ಔಷಧಕ್ಕೆ ನ್ಯಾಯವಾದ ಬೆಲೆ ನೀಡಲು ಮುಂದಾಗಬೇಕು, ಉದ್ದೇಶವನ್ನು ನಮೂನೆ 17ರಲ್ಲಿ ಲಿಖಿತವಾಗಿ ತಿಳಿಸಬೇಕು, ಮಾದರಿಯನ್ನು ನಿಮ್ಮ ಎದುರಿನಲ್ಲಿ ನಾಲ್ಕು ಭಾಗ ಮಾಡಿ ಮೊಹರು ಹಾಕಬೇಕು. ಒಂದು ಭಾಗ ನಿಮಗೆ, ಒಂದು ಸರ್ಕಾರಿ ವಿಶ್ಲೇಷಕರಿಗೆ, ಒಂದು ನ್ಯಾಯಾಲಯಕ್ಕೆ, ಇನ್ನೊಂದು ನೀವು ಹೆಸರಿಸಿದ ತಯಾರಕರಿಗೆ ಅಥವಾ ಸರಬರಾಜುದಾರರಿಗೆ ಸೇರುತ್ತದೆ. ಪ್ರತಿ ಭಾಗದ ಮೇಲೂ ನಿಮ್ಮ ಮೊಹರನ್ನು ಒತ್ತುವ ಹಕ್ಕು ನಿಮಗಿದೆ. ದಯವಿಟ್ಟು ಅದನ್ನು ಬಿಟ್ಟುಕೊಡಬೇಡಿ. ತೆರೆದರೆ ಕೆಡುವ ಔಷಧವಾದರೆ ಭಾಗ ಮಾಡದೆ, ಮುಚ್ಚಿದ ಬಾಟಲಿ ಅಥವಾ ಪೊಟ್ಟಣಗಳನ್ನೇ ತೆಗೆದುಕೊಳ್ಳಬೇಕು.

ಅಪರಾಧ ನಡೆದಿದೆಯೆಂದು ನಂಬಲು ಕಾರಣವಿದ್ದರೆ, ದಾಸ್ತಾನನ್ನು ಮಾರಬಾರದೆಂದು ಆದೇಶಿಸಬಹುದು. ಅದು ನಮೂನೆ 15ರಲ್ಲಿ ಲಿಖಿತವಾಗಿರಬೇಕು ಮತ್ತು 20 ದಿನ ಮೀರಬಾರದು. ಅಂಗಡಿಯವರೇ ಸರಿಪಡಿಸಬಹುದಾದ ದೋಷಕ್ಕೆ ಜಪ್ತಿಗೆ ಅವಕಾಶವಿಲ್ಲವೆಂಬುದು ಹೆಚ್ಚಿನವರಿಗೆ ಗೊತ್ತಿಲ್ಲದ ಮಾತು. ಜಪ್ತಿ ಮಾಡಿದರೆ ನಮೂನೆ 16ರಲ್ಲಿ ರಸೀದಿ ಕೊಡಬೇಕು, ಆದಷ್ಟು ಬೇಗ ಮ್ಯಾಜಿಸ್ಟ್ರೇಟರಿಗೆ ತಿಳಿಸಿ ಅವರ ಆದೇಶ ಪಡೆಯಬೇಕು. ರಿಜಿಸ್ಟರು, ಬಿಲ್ ಪುಸ್ತಕಗಳನ್ನು ಒಯ್ದಿದ್ದರೆ, ನೀವು ದೃಢೀಕರಿಸಿದ ನಕಲು ಇಟ್ಟುಕೊಂಡು ಮೂಲವನ್ನು 20 ದಿನಗಳೊಳಗೆ ಹಿಂದಿರುಗಿಸಬೇಕು.

ವಿಶ್ಲೇಷಕರ ವರದಿ ಕೈಸೇರಿದ ದಿನಾಂಕವನ್ನು ಲಕೋಟೆಯ ಮೇಲೆಯೇ ಬರೆದಿಡಿ. ಅದನ್ನು ಒಪ್ಪದಿದ್ದರೆ, ಅದಕ್ಕೆ ವಿರುದ್ಧವಾಗಿ ಸಾಕ್ಷ್ಯ ಒದಗಿಸುವುದಾಗಿ 28 ದಿನಗಳೊಳಗೆ ಪರಿವೀಕ್ಷಕರಿಗೆ ಅಥವಾ ನ್ಯಾಯಾಲಯಕ್ಕೆ ಲಿಖಿತವಾಗಿ ತಿಳಿಸಬೇಕು; ತಪ್ಪಿದರೆ ಆ ವರದಿಯೇ ನಿರ್ಣಾಯಕ ಸಾಕ್ಷ್ಯವಾಗುತ್ತದೆ. ಪರವಾನಗಿ ಇರುವ ಸಗಟು ವ್ಯಾಪಾರಿಯಿಂದ ಕೊಂಡು, ದೋಷವನ್ನು ತಕ್ಕ ಎಚ್ಚರಿಕೆಯಿಂದಲೂ ಅರಿಯಲಾಗದೆ, ಬಂದ ಸ್ಥಿತಿಯಲ್ಲಿಯೇ ಸರಿಯಾಗಿ ಸಂಗ್ರಹಿಸಿಟ್ಟಿದ್ದ ಮಾರಾಟಗಾರನಿಗೆ 19(3)ನೇ ಸೆಕ್ಷನ್ ರಕ್ಷಣೆ ಕೊಡುತ್ತದೆ. ಆದರೆ ಹಾಗೆ ಇಟ್ಟಿದ್ದೆನೆಂದು ತೋರಿಸುವ ಹೊಣೆ ಅವನದೇ. ಆಗುಂಬೆ ಕಡೆಯ ಜಡಿಮಳೆಯಲ್ಲಿ ಗೋಡೆ ಒಸರಿ ರಟ್ಟಿನ ಪೆಟ್ಟಿಗೆಗಳು ಮೆತ್ತಗಾಗುವ ದಿನಗಳಲ್ಲಿ, ಕರೆಂಟು ಹೋದಾಗ ಇನ್ಸುಲಿನ್ ಇಟ್ಟ ಫ್ರಿಜ್ 2ರಿಂದ 8 ಡಿಗ್ರಿಯೊಳಗೆ ಇತ್ತೇ ಎಂಬ ಪ್ರಶ್ನೆಗೆ ದಿನನಿತ್ಯ ಬರೆದ ಉಷ್ಣತೆಯ ದಾಖಲೆಯೊಂದೇ ಉತ್ತರ.

ಪೊಲೀಸರ ವಿಷಯದಲ್ಲಿ, ಈ ಕಾಯ್ದೆಯ 4ನೇ ಅಧ್ಯಾಯದ (ಔಷಧ ತಯಾರಿಕೆ, ಮಾರಾಟ, ವಿತರಣೆಗೆ ಸಂಬಂಧಿಸಿದ) ಅಪರಾಧಗಳಿಗೆ ಅವರು ಎಫ್‌ಐಆರ್ ದಾಖಲಿಸುವಂತಿಲ್ಲವೆಂದು ಸುಪ್ರೀಂ ಕೋರ್ಟ್ 2020ರಲ್ಲಿ ತೀರ್ಪಿತ್ತಿದೆ. ಬಂಧಿಸುವ ಅಧಿಕಾರ ಪರಿವೀಕ್ಷಕರಿಗೆ ಇದೆಯೆಂದೂ ಅದೇ ತೀರ್ಪು ಹೇಳಿದೆ. ಮಾದಕ ವಸ್ತುಗಳ ಕಾಯ್ದೆಯ ಪ್ರಕರಣಗಳು ಇದಕ್ಕೆ ಹೊರತು.

ಪರವಾನಗಿಯನ್ನು ತಪಾಸಣೆಯ ದಿನವೇ ಬಾಯಿಮಾತಿನಲ್ಲಿ ರದ್ದುಪಡಿಸಲಾಗದು. ಇದೇ ಕಾಯ್ದೆಯಡಿ ರಚಿಸಿದ 1945ರ ನಿಯಮಗಳ 66ನೇ ನಿಯಮದಂತೆ ಪರವಾನಗಿ ಪ್ರಾಧಿಕಾರ ಕಾರಣ ಕೇಳಿ ನೋಟಿಸು ಕೊಟ್ಟು, ಉತ್ತರಕ್ಕೆ ಅವಕಾಶವಿತ್ತು, ಕಾರಣಸಹಿತ ಲಿಖಿತ ಆದೇಶ ಹೊರಡಿಸಬೇಕು. ಅದರ ವಿರುದ್ಧ ಆದೇಶದ ದಿನಾಂಕದಿಂದ ಮೂರು ತಿಂಗಳೊಳಗೆ ರಾಜ್ಯ ಸರ್ಕಾರಕ್ಕೆ ಮೇಲ್ಮನವಿ ಸಲ್ಲಿಸಬಹುದು. ನೋಟಿಸನ್ನೇ ಕೊಡದೆ ಆದೇಶ ಬಂದಿದ್ದರೆ, ಶಿವಮೊಗ್ಗ ಜಿಲ್ಲೆಯವರು ಬೆಂಗಳೂರಿನ ಹೈಕೋರ್ಟ್ ಪೀಠದಲ್ಲಿ ರಿಟ್ ಅರ್ಜಿ ಹಾಕುವ ಬಗ್ಗೆ ವಕೀಲರೊಂದಿಗೆ ತಡಮಾಡದೆ ಮಾತನಾಡಬೇಕು.