ಗದ್ದದ ಚರ್ಮವನ್ನು ಕೆನ್ನೆಗೆ ತಂದ ಕಥೆ

"ಕ್ಯಾನ್ಸರ್ ಗಂಟು ಕೂರೋ ಜಾಗದ ಚರ್ಮವನ್ನೇ ಎತ್ತಿ ಬಾಯಿಗೆ ಹೊಲೀತೀಯೇನಪ್ಪಾ?" ಬಾಯಿ ಕ್ಯಾನ್ಸರ್ ತೆಗೆದ ಗಾಯವನ್ನು ಗದ್ದದ ಕೆಳಗಿನ ಚರ್ಮದಿಂದ, ಅದರ ರಕ್ತನಾಳದ ಸಮೇತ ತಂದು ಮುಚ್ಚುವುದು ಸಬ್‌ಮೆಂಟಲ್ ಫ್ಲಾಪ್. ಅದನ್ನು ಶುರು ಮಾಡುತ್ತೇನೆ ಅಂದಾಗ ನನ್ನ ಸೀನಿಯರ್ ಕೇಳಿದ್ದು ಇದು. ಅನುಮಾನ ತಪ್ಪಲ್ಲ. ಲೆವೆಲ್ ಒನ್‌ನಲ್ಲಿ, ಅಂದರೆ ಗದ್ದ-ದವಡೆಯ ಕೆಳಗೆ, ಗಂಟು ಕೈಗೆ ಸಿಕ್ಕರೆ ಅಥವಾ ಸ್ಕ್ಯಾನ್‌ನಲ್ಲಿ ಕಂಡರೆ ನಾನು ಈಗಲೂ ಇದರ ತಂಟೆಗೆ ಹೋಗುವುದಿಲ್ಲ. ಪೆಕ್ಟೊರಾಲಿಸ್ (ಎದೆಯ ಸ್ನಾಯು) ಹಾಕಿ ಮನೆಗೆ ಹೋಗುತ್ತೇನೆ.

ಆದರೆ ಗುಟ್ಕಾ ಇಟ್ಟ ಕೆನ್ನೆಯ 4-5 ಸೆಂಟಿಮೀಟರ್ ಗಾಯಕ್ಕೆ ಎದೆಯ ಸ್ನಾಯು ಜಾಸ್ತಿಯಾಗುತ್ತದೆ. ಬಾಯಲ್ಲಿ ಕಡುಬು ತುರುಕಿದ ಹಾಗೆ. ಬೇರೆ ಕಡೆಯ ಚರ್ಮ ಪೂರ್ತಿ ಕತ್ತರಿಸಿ ತಂದು ರಕ್ತನಾಳ ಹೊಲಿಯುವ ಫ್ರೀ ಫ್ಲಾಪ್‌ಗೆ ನಮ್ಮಲ್ಲಿ ಮೈಕ್ರೋಸ್ಕೋಪ್ ಇಲ್ಲ. ಇದ್ದರೂ 8-10 ಗಂಟೆ ಒಂದೇ ಕೇಸ್ ಟೇಬಲ್ ಹಿಡಿದರೆ ಉಳಿದವರನ್ನು ಎಲ್ಲಿ ಮಲಗಿಸೋದು? 1993ರಲ್ಲಿ ಫ್ರಾನ್ಸಿನ ಮಾರ್ಟಿನ್ ಬರೆದ ಫ್ಲಾಪ್ ಇದು, ಹೊಸದೇನಲ್ಲ. ನಮ್ಮ ಕಡೆ ಯಾರೂ ಧೈರ್ಯ ಮಾಡಿರಲಿಲ್ಲ, ಅಷ್ಟೆ.

ಮೊದಲ ಎರಡು ಚೆನ್ನಾಗಿ ಕೂತವು. ನನಗೂ ಜಂಬ ಬಂತು. ಮೂರನೆಯದು ಎರಡನೇ ರಾತ್ರಿ ನೇರಳೆ ಹಣ್ಣಿನ ಬಣ್ಣಕ್ಕೆ ತಿರುಗಿತು. ಸೂಜಿ ಚುಚ್ಚಿದರೆ ಕಪ್ಪು ರಕ್ತ. ಹೊಲಿಗೆ ಬಿಚ್ಚಿದೆ, ರಕ್ತ ಹೆಪ್ಪುಗಟ್ಟದ ಹಾಗೆ ಹೆಪಾರಿನ್ ಹತ್ತಿ ಇಟ್ಟೆ, ಉಳಿಯಲಿಲ್ಲ. ಐದನೇ ದಿನ ಅದನ್ನು ತೆಗೆದು ಪೆಕ್ಟೊರಾಲಿಸ್ ಹಾಕಿದೆ. ಆರೋಗ್ಯ ಕಾರ್ಡಿನ ಪ್ಯಾಕೇಜ್ ಒಂದೇ ಆಪರೇಷನ್‌ಗೆ. ಎರಡನೆಯದಕ್ಕೆ ಸುಮಾರು 35 ಸಾವಿರ ಆಯಿತು, ಅರ್ಧ ನನ್ನ ಜೇಬಿಂದ. ತಪ್ಪೂ ನನ್ನದೇ. ಫ್ಲಾಪ್‌ನ ರಕ್ತ ವಾಪಸ್ ಹೋಗುವುದು ಫೇಶಿಯಲ್ ವೇನ್‌ನಿಂದ. ಆ ರೋಗಿಯಲ್ಲಿ ಅದು ಕತ್ತಿನ ಹೊರಪದರದ ನಾಳ ಎಕ್ಸ್‌ಟರ್ನಲ್ ಜುಗುಲರ್‌ಗೆ ಸೇರಿತ್ತು. ನೆಕ್ ಡಿಸೆಕ್ಷನ್ (ಕತ್ತಿನ ಗಂಟು ತೆಗೆಯುವುದು) ಅವಸರದಲ್ಲಿ ಆ ಜುಗುಲರ್ ಕಟ್ಟಿಬಿಟ್ಟಿದ್ದೆ.

ಈಗ ಮೊದಲು ವೇನ್ ಹುಡುಕುತ್ತೇನೆ. ಅದು ಎಲ್ಲಿ ಸೇರುತ್ತದೆ ಅಂತ ಕಣ್ಣಾರೆ ನೋಡುವವರೆಗೆ ಏನನ್ನೂ ಕಟ್ಟುವುದಿಲ್ಲ. ಗದ್ದದ ಕೆಳಗಿನ ಸ್ನಾಯುಗಳಾದ ಡೈಗ್ಯಾಸ್ಟ್ರಿಕ್‌ನ ಆಂಟೀರಿಯರ್ ಬೆಲ್ಲಿ (ಮುಂಭಾಗ), ಮೈಲೋಹಯಾಯ್ಡ್‌ನ ಒಂದು ಪಟ್ಟಿ ಫ್ಲಾಪ್‌ಗೇ ಅಂಟಿರಲಿ. ಆರ್ಟರಿ ಬಿಡಿಸಿ ತೋರಿಸುವ ಶೂರತನ ಬೇಡ. ಲೂಪ್ (ಭೂತಗನ್ನಡಿಯ ಕನ್ನಡಕ) ಹಾಕಿಕೊಂಡು ಪೆಡಿಕಲ್, ಅಂದರೆ ಫ್ಲಾಪ್‌ನ ರಕ್ತನಾಳದ ತೊಟ್ಟಿನ, ಸುತ್ತಲಿನ ಕೊಬ್ಬು, ಗಂಟು ಎಲ್ಲ ತೆಗೆದು ಬೇರೆ ಡಬ್ಬಿಯಲ್ಲಿ ಪೆಥಾಲಜಿಗೆ ಕಳಿಸುತ್ತೇನೆ. ಮೇಲಿನ ಒಸಡಿಗೆ ಎಟುಕದಿದ್ದರೆ ಒಂದು ಉಪಾಯ ಇದೆ. ಅದು ಬರೆದು ತಿಳಿಯುವಂಥದ್ದಲ್ಲ, ಥಿಯೇಟರ್‌ಗೆ ಬನ್ನಿ, ತೋರಿಸುತ್ತೇನೆ.

ಮಧ್ಯೆ ಸಣ್ಣ ಗಾಯಗಳಿಗೆ ಬಕಲ್ ಫ್ಯಾಟ್ (ಕೆನ್ನೆಯೊಳಗಿನ ಕೊಬ್ಬು) ಎಳೆದು ಸುಮ್ನೆ ಬಿಟ್ಟೂ ನೋಡಿದೆ. ತಿಂಗಳೊಪ್ಪತ್ತಿನಲ್ಲಿ ಪೊರೆ ಕಟ್ಟಿತು. ಆದರೆ ಅಡಿಕೆ ತಿಂದು ಮೊದಲೇ ಬಾಯಿ ಬಿಗಿದಿದ್ದವರಲ್ಲಿ ಮತ್ತೆ ಬಿಗಿಯಿತು.

ನಾಲ್ಕು ವರ್ಷದಲ್ಲಿ 25ರ ಆಸುಪಾಸು ಸಬ್‌ಮೆಂಟಲ್ ಮಾಡಿರಬಹುದು. ಪೂರ್ತಿ ಹೋದದ್ದು ಆ ಮೂರನೆಯದೊಂದೇ. ಮೂರರಲ್ಲಿ ಅಂಚು ಕಪ್ಪಾಯಿತು. ಇಬ್ಬರಿಗೆ ತುಟಿ ವಾಲಿತ್ತು, ಮೂರ್ನಾಲ್ಕು ತಿಂಗಳಿಗೆ ಸರಿಹೋಯಿತು. ಮೊದಲು ಎರಡೂವರೆ ಗಂಟೆ ಹಿಡಿಯುತ್ತಿದ್ದ ಫ್ಲಾಪ್ ಈಗ 50 ನಿಮಿಷ. ಹೋದ ತಿಂಗಳು ಆ ಸೀನಿಯರ್ರೇ ಒಂದು ಕೇಸ್ ಕಳಿಸಿದರು.

ಉಳಿದ ತಲೆನೋವು ಗಡ್ಡದ್ದು. ಒಬ್ಬ ಅಜ್ಜ ಬಂದು "ಸಾಹೇಬ್ರ, ಬಾಯಾಗ ಗಡ್ಡ ಬೆಳದೈತ್ರಿ" ಅಂದರು. ರೇಡಿಯೇಷನ್ ಆದವರಿಗೆ ತಾನೇ ಉದುರುತ್ತದೆ, ಇವರಿಗೆ ಅದು ಬೇಕಾಗಿರಲಿಲ್ಲ. ಚರ್ಮದ ಡಾಕ್ಟರ ಹತ್ತಿರ ಲೇಸರ್ ಮಾಡಿಸಿದೆ. ಕಪ್ಪು ಕೂದಲು ಹೋಯಿತು, ಬಿಳಿಯದಕ್ಕೆ ಲೇಸರ್ ನಾಟುವುದಿಲ್ಲ. ಎರಡು ತಿಂಗಳಿಗೊಮ್ಮೆ ಬರುತ್ತಾರೆ, ಓಪಿಡಿಯಲ್ಲೇ ಕತ್ತರಿ ಆಡಿಸಿ ಕಳಿಸುತ್ತೇನೆ.