ಹಿನ್ನೀರಿನಲ್ಲಿ ನಾನು ದಿಕ್ಕು ಹಿಡಿದ ಬಗೆ

ಜಪಾನಿನ ಅಂಧ ನಾವಿಕ ಮಿತ್ಸುಹಿರೊ ಇವಾಮೊಟೊ ಅವರು 2019ರ ಫೆಬ್ರುವರಿಯಲ್ಲಿ ಅಮೆರಿಕದ ಸ್ಯಾನ್ ಡಿಯಾಗೊದಿಂದ ಹೊರಟು, ಎಲ್ಲಿಯೂ ನಿಲ್ಲದೆ ಪೆಸಿಫಿಕ್ ಸಾಗರವನ್ನು ದಾಟಿ, ಏಪ್ರಿಲ್ 20ರಂದು ಫುಕುಶಿಮಾ ತಲುಪಿದರೆಂಬ ಸುದ್ದಿಯನ್ನು ಮಗಳು ಓದಿ ಹೇಳಿದಳು. ದಡದ ಸದ್ದೇ ಇಲ್ಲದ ಕಡೆ ಅವರು ದಿಕ್ಕನ್ನು ಹೇಗೆ ಹಿಡಿದರು ಎಂಬ ಪ್ರಶ್ನೆ ಅಂದಿನಿಂದ ನನ್ನನ್ನು ಬಿಡಲಿಲ್ಲ. ನಾನೂ ಕಣ್ಣು ಕಾಣದವನು, ಹಾಸನದಲ್ಲಿ ಮೇಷ್ಟರಾಗಿದ್ದವನು.

ಗೊರೂರಿನ ಹೇಮಾವತಿ ಹಿನ್ನೀರಿನಲ್ಲಿ ಮೀನು ಹಿಡಿಯುವ ಗೆಳೆಯರೊಬ್ಬರು ನನಗೆ ತೆಪ್ಪ ನಡೆಸುವುದನ್ನು ಕಲಿಸಿದರು. ದುಂಡನೆಯ ತೆಪ್ಪಕ್ಕೆ ಮುಂದು ಹಿಂದು ಎಂಬುದಿಲ್ಲ. ಒಂದೇ ಬದಿಗೆ ಹುಟ್ಟು ಹಾಕಿದರೆ ಅದು ನಿಂತಲ್ಲೇ ತಿರುಗುತ್ತದೆ. ಆದ್ದರಿಂದ ಎದುರಿಗೆ ಹುಟ್ಟನ್ನು ಇಳಿಸಿ, ನೀರನ್ನು ಎಡಬಲಕ್ಕೆ ಸರಿಸುತ್ತ ನಮ್ಮತ್ತ ಎಳೆದುಕೊಳ್ಳಬೇಕು. ಇದು ಕೈಗೆ ಹತ್ತಲು ಒಂದು ತಿಂಗಳು ಹಿಡಿಯಿತು.

ದಿಕ್ಕಿಗೆ ನಾನು ನಂಬಿದ್ದು ಗಾಳಿಯನ್ನು. ಮಳೆಗಾಲದ ಪಡುವಣ ಗಾಳಿ ಬಲಗೆನ್ನೆಗೆ ತಾಗುತ್ತಿದ್ದರೆ ತೆಂಕಣಕ್ಕೆ, ಅರ್ಧ ಮುಳುಗಿ ನಿಂತ ಶೆಟ್ಟಿಹಳ್ಳಿಯ ಹಳೆಯ ಚರ್ಚಿನತ್ತ, ಸಾಗುತ್ತಿದ್ದೇನೆಂದು ಲೆಕ್ಕ. ಒಮ್ಮೆ ಅದೇ ಲೆಕ್ಕ ನನ್ನನ್ನು ಕೆಡಿಸಿತು. ಗಾಳಿ ಸದ್ದಿಲ್ಲದೆ ಬಡಗಣಕ್ಕೆ ವಾಲಿತ್ತು. ಅದನ್ನು ಬಲಗೆನ್ನೆಯಲ್ಲೇ ಉಳಿಸಿಕೊಳ್ಳುತ್ತ ನಾನು ಪಡುವಣಕ್ಕೆ ತಿರುಗುತ್ತ ಹೋಗಿದ್ದೆ. ಮುಳುಗಿದ ಒಣಮರದ ಕೊಂಬೆ ತಳವನ್ನು ಕರಕರನೆ ಕೆರೆದಾಗಲೇ ನನಗೆ ಎಚ್ಚರವಾದದ್ದು. ಲೈಫ್ ಜಾಕೆಟ್ ತೊಟ್ಟಿದ್ದರೂ ಅಂದಿನ ನಡುಕ ಮೈಯಲ್ಲಿ ಇನ್ನೂ ಇದೆ. "ಗಾಳಿಗೆ ಮನೆ ಇಲ್ಲ ಮೇಷ್ಟ್ರೇ, ಅದನ್ನೊಂದನ್ನೇ ನೆಚ್ಚಬೇಡಿ," ಎಂದು ಗೆಳೆಯರು ಹಿಂದಿನ ತೆಪ್ಪದಿಂದ ಕೂಗಿ ಹೇಳಿದರು.

ಇವಾಮೊಟೊ ಅವರ ಜೊತೆಗೆ ಡಗ್ ಸ್ಮಿತ್ ಎಂಬ, ಕಣ್ಣು ಕಾಣುವ ಸಂಗಾತಿ ಇದ್ದು, ಗಾಳಿಯ ದಿಕ್ಕನ್ನೂ ಎದುರಿನ ಅಪಾಯವನ್ನೂ ಬಾಯಲ್ಲಿ ಹೇಳುತ್ತಿದ್ದುದು ಎಷ್ಟು ಅಗತ್ಯವೆಂದು ನನಗೆ ಆಗ ಅರ್ಥವಾಯಿತು. 2013ರ ಅವರ ಮೊದಲ ಯತ್ನದಲ್ಲಿ ದೋಣಿ ತಿಮಿಂಗಿಲಕ್ಕೆ ಬಡಿದು ಮುಳುಗಿತ್ತು. ಅವರನ್ನು ಜಪಾನಿನ ರಕ್ಷಣಾ ಪಡೆ ಕಾಪಾಡಿತ್ತು. ಆ ಮೇಲೂ ಅವರು ಅದೇ ಸಾಗರಕ್ಕೆ ಇಳಿದರೆಂಬುದನ್ನು ನೆನೆದಾಗ ನನ್ನ ಮನಸ್ಸು ತುಂಬಿ ಬರುತ್ತದೆ.

ಈಗ ನಾನು ಗಾಳಿಯೊಂದಿಗೆ ಇನ್ನೆರಡನ್ನು ತಾಳೆ ನೋಡುತ್ತೇನೆ: ಹಿಂದಿನಿಂದ ಗೆಳೆಯರು ಆಗಾಗ ಹಾಕುವ ಕೂಗು, ಮತ್ತು ಹುಟ್ಟಿನಿಂದ ತೆಪ್ಪದ ಅಂಚನ್ನು ತಟ್ಟಿದಾಗ ಚರ್ಚಿನ ಗೋಡೆಯಿಂದ ಮರಳುವ ದನಿ. ಹತ್ತಿರವಾದಂತೆ ಆ ದನಿ ಬೇಗ ಮರಳುತ್ತದೆ, ಕೊನೆಗೆ ತಟ್ಟಿದ ಸದ್ದಿನೊಳಗೇ ಸೇರಿಹೋಗುತ್ತದೆ. ಕಳೆದ ಮಳೆಗಾಲದಲ್ಲಿ ಅಲ್ಲಿ ಹುಟ್ಟನ್ನು ನಿಲ್ಲಿಸಿ ಕೈ ಚಾಚಿದೆ; ಪಾಚಿ ಹಿಡಿದ ತಣ್ಣನೆಯ ಗೋಡೆ ಅಂಗೈಗೆ ಸಿಕ್ಕಿತು.