ಸರ್ಚುವಿನ ಎರಡು ರಾತ್ರಿಗಳು

ಮೊದಲ ಸಲ ಬೈಕಿನಲ್ಲಿ ಲಡಾಖ್‌ಗೆ ಹೊರಟಾಗ ನಾನು ಹಾಕಿದ್ದು ಬರೀ ಕಿಲೋಮೀಟರ್ ಲೆಕ್ಕ. ಮನಾಲಿಯಿಂದ ಲೇಹ್‌ಗೆ ಸುಮಾರು 430 ಕಿ.ಮೀ., ಎರಡು ದಿನ ಸಾಕು, ಮಧ್ಯೆ ಸರ್ಚುವಿನಲ್ಲಿ ಟೆಂಟ್ ಹಾಕೋಣ ಅಂತ ಮಡಿಕೇರಿಯಲ್ಲೇ ಕೂತು ತೀರ್ಮಾನಿಸಿಬಿಟ್ಟಿದ್ದೆವು. ಜಡಿಮಳೆಯಲ್ಲಿ ಸಂಪಾಜೆ ಘಾಟಿ ಹತ್ತಿ ಇಳಿದ ನಮಗೆ ಬೆಟ್ಟದ ರಸ್ತೆ ಏನು ಹೊಸದು ಅನ್ನೋ ಧೈರ್ಯ.

ನಮ್ಮ ಜಿಲ್ಲೆಯ ಅತಿ ಎತ್ತರದ ಬೆಟ್ಟ ತಡಿಯಂಡಮೋಳ್ 1748 ಮೀಟರ್. ಮನಾಲಿ ಊರೇ 2050. ಅಲ್ಲಿಂದ ಒಂದೇ ಹಗಲಲ್ಲಿ ಬಾರಾಲಾಚಾ ಲಾ (‘ಲಾ’ ಅಂದರೆ ಬೆಟ್ಟ ದಾಟುವ ಪಾಸು) ದಾಟಿ, ಸುಮಾರು 4290 ಮೀಟರಿನ ಸರ್ಚುವಿನಲ್ಲಿ ಇಳಿದೆವು. ಸಮುದ್ರದಂಡೆಯಿಂದ ತಡಿಯಂಡಮೋಳ್ ತುದಿಗೆ ಎಷ್ಟು ಏರಬೇಕೋ ಅದಕ್ಕಿಂತ ಜಾಸ್ತಿ ಒಂದೇ ದಿನ ಏರಿದ್ದೆವು. ಕಾರ್ಬ್ಯುರೇಟರ್ ಬುಲೆಟ್ ದಾರಿಯುದ್ದಕ್ಕೂ ಕಪ್ಪು ಹೊಗೆ ಉಗುಳುತ್ತಿತ್ತು. ತೆಳು ಗಾಳಿಯಲ್ಲಿ ಪೆಟ್ರೋಲ್ ಪಾಲು ಹೆಚ್ಚಾಗಿ ಪ್ಲಗ್ ಮಸಿ ಹಿಡಿಯುತ್ತೆ. ರಾತ್ರಿ ಮುಕ್ಕಾಲು ಗಂಟೆ ಕುದಿಸಿದರೂ ಅನ್ನ ಬೇಯಲಿಲ್ಲ. ಆ ಎತ್ತರದಲ್ಲಿ ನೀರು ಕುದಿಯೋದೇ 86 ಡಿಗ್ರಿ ಆಸುಪಾಸಿನಲ್ಲಿ. ಹನ್ನೊಂದು ಗಂಟೆಗೆ ನನ್ನ ಗೆಳೆಯ ವಾಂತಿ ಮಾಡಲು ಎದ್ದ. ನೆಟ್ಟಗೆ ಹೆಜ್ಜೆ ಇಡಲಾಗದೆ ಟೆಂಟಿನ ಹಗ್ಗಕ್ಕೆ ಎಡವಿ ಬಿದ್ದ. ಇದು ಎತ್ತರದ ಕಾಯಿಲೆ, ನಡಿಗೆ ತಪ್ಪಿದರೆ ಕಾಯಬಾರದು, ತಕ್ಷಣ ಕೆಳಗಿಳಿಯಬೇಕು ಅನ್ನೋದು ಆಗ ನನಗೆ ಗೊತ್ತಿರಲಿಲ್ಲ. ಬೆಳಗಿನವರೆಗೆ ಕಾದೆ. ಆ ತಪ್ಪನ್ನು ನೆನೆದರೆ ಈಗಲೂ ಎದೆ ಹಿಂಡುತ್ತೆ. ಬೆಳಕು ಹರಿದ ಮೇಲೆ ಒಂದು ಟೆಂಪೋ ಸಿಕ್ಕಿತು. ಕೇಲಾಂಗ್‌ಗೆ ಇಳಿದ ಮೇಲೆ ಅವನು ಚೇತರಿಸಿಕೊಂಡ. ಲೇಹ್ ನೋಡದೆ ಊರಿಗೆ ಬಂದೆವು.

ಎರಡನೇ ಸಲ ನೋಟ್‌ಬುಕ್ಕಿನಲ್ಲಿ ಮೊದಲು ಬರೆದದ್ದು ಪ್ರತಿ ರಾತ್ರಿ ಎಷ್ಟು ಎತ್ತರದಲ್ಲಿ ಮಲಗೋದು ಅನ್ನೋದನ್ನು. 3000 ಮೀಟರ್ ದಾಟಿದ ಮೇಲೆ ಮಲಗುವ ಜಾಗ ದಿನಕ್ಕೆ 500 ಮೀಟರಿಗಿಂತ ಹೆಚ್ಚು ಏರಬಾರದು. ಈ ಲೆಕ್ಕ ಇಟ್ಟುಕೊಂಡು ಕೂತರೆ ಮನಾಲಿ ಕಡೆಯಿಂದ ಹತ್ತುವ ದಾರಿ ಹೊಂದುವುದೇ ಇಲ್ಲ. ಶ್ರೀನಗರದ ಕಡೆಯಿಂದ ಹೊಂದುತ್ತೆ: ಶ್ರೀನಗರ 1585, ಸೋನಾಮಾರ್ಗ್ ಸುಮಾರು 2700, ಜೋಜಿ ಲಾ ದಾಟಿ ಮತ್ತೆ ಇಳಿದು ಕಾರ್ಗಿಲ್ 2676, ಆಮೇಲೆ ಲಾಮಾಯೂರು, ಲೇಹ್ ಎರಡೂ 3500 ಹತ್ತಿರ. ಲಾಮಾಯೂರಿಗೆ ಏರಿಕೆ ತುಸು ಹೆಚ್ಚೇ, ಅದಕ್ಕೆ ಕಾರ್ಗಿಲ್‌ನಲ್ಲಿ ಒಂದು ದಿನ ಸುಮ್ಮನೆ ಕೂತೆವು. ಲೇಹ್‌ನಲ್ಲಿ ಮೂರು ರಾತ್ರಿ. ಒಂದು ದಿನ 5359 ಮೀಟರಿನ ಖರ್ದುಂಗ್ ಲಾಗೆ ಹೋಗಿ ಕೆಳಗೆ ಬಂದು ಮಲಗಿದೆವು. ಸರ್ಚು ಹಿಂತಿರುಗುವಾಗ.

ಹೊರಡೋ ದಿನ ನಮ್ಮ ಕೊಡವರ ಆಯುಧಪೂಜೆಯ ಹಬ್ಬ ಕೈಲ್ ಪೊಳ್ದ್ ಆದ ಮರುದಿನ, ಸೆಪ್ಟೆಂಬರ್ 4. ಅಷ್ಟೊತ್ತಿಗೆ ನಾಟಿ ಮುಗಿದಿರುತ್ತೆ, ಕಾಫಿ ಕುಯ್ಲಿಗೆ ಇನ್ನೂ ಎರಡು ತಿಂಗಳು. ಅಲ್ಲಿ ಚಳಿ ಜಾಸ್ತಿ ನಿಜ, ಆದರೆ ರಸ್ತೆಗೆ ಅಡ್ಡ ಹರಿಯುವ ಹಿಮದ ನೀರಿನ ತೊರೆಗಳು ತಗ್ಗಿರುತ್ತವೆ. ಆದರೂ ಅವನ್ನು ಬೆಳಿಗ್ಗೆಯೇ ದಾಟಬೇಕು, ಬಿಸಿಲೇರಿದಂತೆ ನೀರು ಏರುತ್ತೆ.

ತಯಾರಿಯೆಲ್ಲ ಕಕ್ಕಡದ (ನಮ್ಮ ಆಟಿ ತಿಂಗಳ) ಮಳೆಯಲ್ಲಿ, ತೋಟದ ಕಾಫಿ ಕಣದಲ್ಲೇ. ಮೂರು ರಾತ್ರಿ ಅಲ್ಲೇ ಟೆಂಟಿನಲ್ಲಿ ಮಲಗಿದೆ. ಹೊಲಿಗೆಯ ಒಂದು ಮೂಲೆಯಿಂದ ನೀರು ಜಿನುಗೋದು, ಒಳಗಿನ ಉಸಿರಿನ ತೇವ ಬಟ್ಟೆಗೆ ಹನಿಯಾಗಿ ತೊಟ್ಟಿಕ್ಕೋದು ಗೊತ್ತಾಯಿತು. ಮೊದಲನೆಯದಕ್ಕೆ ಸೀಮ್ ಸೀಲರ್ ಹಚ್ಚಿದೆ, ಎರಡನೆಯದಕ್ಕೆ ಕಿಂಡಿ ತೆರೆದಿಟ್ಟು ಮಲಗೋದೊಂದೇ ದಾರಿ. ತುಂಬಿದ ಸಾಮಾನಿನ ಸಮೇತ ಕೋಟೆಬೆಟ್ಟದ ರಸ್ತೆಯಲ್ಲಿ ಓಡಿಸಿದಾಗ ಮುಂದಿನ ಚಕ್ರ ಹಗುರಾಗಿ ಹ್ಯಾಂಡಲ್ ಅಲ್ಲಾಡುತ್ತಿತ್ತು. ಟೂಲ್ಸು, ಸ್ಟೋವ್, ಟ್ಯೂಬುಗಳನ್ನೆಲ್ಲ ಹಿಂದಿನಿಂದ ತೆಗೆದು ಟ್ಯಾಂಕಿನ ಎರಡೂ ಬದಿ ತಗ್ಗಿನಲ್ಲಿ ಕಟ್ಟಿದ ಮೇಲೆ ಸರಿಹೋಯಿತು. ನಮ್ಮ ಕೆಂಪು ಮಣ್ಣಿಗೆ ಸರಾಗವಾಗಿ ಇಳಿಯೋ ಗೂಟ ಲಡಾಖ್‌ನ ಕಲ್ಲುನೆಲಕ್ಕೆ ಇಳಿಯೋದಿಲ್ಲ. ಅದಕ್ಕೆ ಒಂದೂವರೆ ಮೀಟರಿನ ಎಂಟು ಹಗ್ಗ ಒಯ್ದು ದಪ್ಪ ಕಲ್ಲುಗಳಿಗೆ ಬಿಗಿದೆವು.

ಈ ಸಲದ ಬೈಕ್ ಫ್ಯೂಯಲ್ ಇಂಜೆಕ್ಷನ್ನಿನದು, ತೆಳು ಗಾಳಿಗೆ ತಕ್ಕಂತೆ ಪೆಟ್ರೋಲನ್ನು ತಾನೇ ಹೊಂದಿಸಿಕೊಳ್ಳುತ್ತೆ. ವಾಪಸ್ ದಾರಿಯಲ್ಲಿ ಲೇಹ್ ಹತ್ತಿರದ ಕಾರು ಅನ್ನೋ ಊರಿನ ಪಂಪಿನಿಂದ ಕೇಲಾಂಗ್ ಹತ್ತಿರದ ತಾಂಡಿಯ ಪಂಪಿನವರೆಗೆ ಸುಮಾರು 330 ಕಿ.ಮೀ.; ಲೀಟರಿಗೆ 28 ಅಂತ ಹಿಡಿದರೂ 12 ಲೀಟರ್ ಬೇಕು. ಟ್ಯಾಂಕ್ 15 ಲೀಟರಿನದು, ಜೊತೆಗೆ 5 ಲೀಟರ್ ಕ್ಯಾನ್. ಸ್ಟೋವ್ ಕೂಡ ಪೆಟ್ರೋಲಿನದೇ. ಅಕ್ಕಿ ಒಯ್ಯಲಿಲ್ಲ, ಅವಲಕ್ಕಿ, ಬೆಲ್ಲ, ಒಣಮೀನು.

ತಂಗ್ಲಂಗ್ ಲಾ ಬುಡದ ರುಮ್ಟ್ಸೆ ಹಳ್ಳಿಯಲ್ಲಿ, ಸುಮಾರು 4200 ಮೀಟರಿನಲ್ಲಿ, ಒಂದು ರಾತ್ರಿ. ಏರಿಕೆ 500 ದಾಟುತ್ತೆ, ಆದರೆ ಲೇಹ್‌ನ ಮೂರು ರಾತ್ರಿ ಬೆನ್ನಿಗಿತ್ತು. ಮರುದಿನ 5328 ಮೀಟರಿನ ಆ ಪಾಸು ಹತ್ತಿ, ಸಂಜೆ ಸರ್ಚುವಿಗೆ ಇಳಿದೆವು. ಮಲಗುವ ಎತ್ತರ ಹೆಚ್ಚುಕಡಿಮೆ ಹಿಂದಿನ ರಾತ್ರಿಯದೇ. ಅದೇ ಗೆಳೆಯ, ಅದೇ ಬಯಲು. ರಾತ್ರಿ ಎರಡು ಸಲ ಟಾರ್ಚ್ ಹಿಡಿದು ಅವನ ಉಸಿರು ನೋಡಿದೆ. ಬೆಳಿಗ್ಗೆ ಸೀಟಿನ ಮೇಲೆ ಬೆರಳುದ್ದ ಗೀರೆಳೆಯುವಷ್ಟು ಹಿಮ ಕಟ್ಟಿತ್ತು. ಅವನು ಸ್ಲೀಪಿಂಗ್ ಬ್ಯಾಗಿನಿಂದ ಮುಖ ಮಾತ್ರ ಹೊರಗೆ ಹಾಕಿ, ಬೆಲ್ಲದ ಕಾಫಿ ಆಯ್ತಾ ಅಂತ ಕೇಳಿದ.